ಟ್ರಿನಿಟಿ ನೋಡಬೇಕೆ? ಗೇಟಿನಲ್ಲೇ ಎಡವಬೇಡಿ

ಮಗನ ಮನೆಗೋ ಮಗಳ ಬಾಣಂತನಕ್ಕೋ ದಾವಣಗೆರೆಯಿಂದ ಅಮೆರಿಕಕ್ಕೆ ಹೊರಟವರ ಪಟ್ಟಿಯಲ್ಲಿ ನ್ಯೂ ಮೆಕ್ಸಿಕೊದ ಟ್ರಿನಿಟಿ ಇದ್ದರೆ ಇದನ್ನು ಕತ್ತರಿಸಿ ಇಟ್ಟುಕೊಳ್ಳಿ. 1945ರ ಜುಲೈ 16ರ ನಸುಕಿನಲ್ಲಿ ಜಗತ್ತಿನ ಮೊದಲ ಅಣುಬಾಂಬ್ ಸಿಡಿದ ಜಾಗ ಅದು. ಪ್ರವೇಶಕ್ಕೆ ದುಡ್ಡಿಲ್ಲ, ಮುಂಗಡ ಬುಕಿಂಗ್ ಇಲ್ಲ. ಅದೇ ಧೈರ್ಯದಲ್ಲಿ ಮಧ್ಯಾಹ್ನ ಹೋಗಿ ವಾಪಸ್ ಬರುವವರೇ ಜಾಸ್ತಿ.

ಮೊದಲು ತಾರೀಖು. ಇದು ವೈಟ್ ಸ್ಯಾಂಡ್ಸ್ ಕ್ಷಿಪಣಿ ವಲಯದ ಒಳಗಿದೆ, ಸೇನೆ ತೆರೆದ ದಿನ ಮಾತ್ರ ಪ್ರವೇಶ. ಹಿಂದೆ ಏಪ್ರಿಲ್, ಅಕ್ಟೋಬರ್ ಎಂದು ವರ್ಷಕ್ಕೆ ಎರಡು ಸಲ ತೆರೆಯುತ್ತಿದ್ದರು. 2024ರಲ್ಲಿ ಅಕ್ಟೋಬರ್‌ನ ಮೂರನೇ ಶನಿವಾರ ಒಂದೇ ದಿನ. ಕ್ಷಿಪಣಿ ವಲಯದ ವೆಬ್‌ಸೈಟಿನಲ್ಲಿ ಆ ವರ್ಷದ ಪ್ರಕಟಣೆ ನೋಡದೆ ವಿಮಾನದ ಟಿಕೆಟ್ ತೆಗೆಯಬೇಡಿ.

ಹಿಂದಿನ ರಾತ್ರಿ ಹತ್ತಿರದ ಊರಾದ ಸೊಕೊರೊದಲ್ಲೇ ತಂಗಿ. ಪುಸ್ತಕಗಳಲ್ಲಿ 'ಅಲಮೊಗೊರ್ಡೊ ಸ್ಫೋಟ' ಎಂದಿರುವುದನ್ನು ಓದಿ ಆ ಊರಲ್ಲಿ ರೂಮು ಹಿಡಿದರೆ ಬೆಳಿಗ್ಗೆ 180 ಕಿ.ಮೀ.ಗೂ ಹೆಚ್ಚು ಓಡಿಸಬೇಕು. ಸೊಕೊರೊದಿಂದ ಗೇಟಿಗೆ 45 ಕಿ.ಮೀ. ಒಳಗೆ.

ಇನ್ನು ಕೆಲಸ ಕೆಡುವ ಹಂತ, ಗೇಟು. ಹೋಗಬೇಕಾದದ್ದು ಸ್ಟಾಲಿಯನ್ ಗೇಟಿಗೆ. ಮ್ಯಾಪಿನಲ್ಲಿ ಬರೀ 'ವೈಟ್ ಸ್ಯಾಂಡ್ಸ್' ಎಂದು ಹಾಕಿದರೆ ಬಿಳಿ ಮರಳಿನ ರಾಷ್ಟ್ರೀಯ ಉದ್ಯಾನಕ್ಕೆ ಒಯ್ಯುತ್ತದೆ. ಅದು ಬಹಳ ದಕ್ಷಿಣಕ್ಕಿದೆ. 'ಸ್ಯಾನ್ ಆಂಟೋನಿಯೊ' ಎಂದು ಹಾಕಿದರೆ ಟೆಕ್ಸಾಸಿನ ದೊಡ್ಡ ಶಹರ ತೋರಿಸುತ್ತದೆ. ನಿಮಗೆ ಬೇಕಿರುವುದು ಸೊಕೊರೊದ ದಕ್ಷಿಣಕ್ಕೆ ಹೆದ್ದಾರಿ ಪಕ್ಕದಲ್ಲಿರುವ ಅದೇ ಹೆಸರಿನ ಪುಟ್ಟ ಹಳ್ಳಿ. ಅಲ್ಲಿಂದ 380ನೇ ರಸ್ತೆಯಲ್ಲಿ ಪೂರ್ವಕ್ಕೆ 19 ಕಿ.ಮೀ., ಬಲಕ್ಕೆ ತಿರುಗಿ 8 ಕಿ.ಮೀ. ದಾರಿಯನ್ನು ಕಾಗದದಲ್ಲಿ ಬರೆದುಕೊಳ್ಳಿ, ಆ ಬಯಲಿನಲ್ಲಿ ಮೊಬೈಲ್ ನೆಟ್‌ವರ್ಕ್ ನಂಬುವಂತಿಲ್ಲ. ಗೇಟು ತೆರೆಯುವುದು 8ಕ್ಕೆ, ಮುಚ್ಚುವುದು ಮಧ್ಯಾಹ್ನ 2ಕ್ಕೆ. ಹಾಗಂತ 1 ಗಂಟೆಗೆ ಹೋದರೆ ಒಳಗೆ ಬಿಟ್ಟೇ ಬಿಡುತ್ತಾರೆ ಎಂದಲ್ಲ. ಕಾರಿನ ಸಾಲು ಕಿಲೋಮೀಟರ್‌ಗಟ್ಟಲೆ ಬೆಳೆಯುತ್ತದೆ, 2ಕ್ಕೆ ಬಾಗಿಲು ಹಾಕಿದಾಗ ಸಾಲಿನಲ್ಲಿದ್ದವರು ಹಾಗೇ ತಿರುಗಬೇಕು. 6 ಗಂಟೆಗೇ ಸಾಲು ಹಿಡಿಯಿರಿ. ಟ್ಯಾಂಕು ಸೊಕೊರೊದಲ್ಲೇ ತುಂಬಿಸಿ, ಶೌಚ ಮುಗಿಸಿಯೇ ಹೊರಡಿ. ಸಾಲು ಬಿಟ್ಟು ಇಳಿದು ಹೋಗುವುದು ಬಿಪಿ-ಶುಗರ್ ಇರುವ ಹಿರಿಯರಿಗೆ ಪಜೀತಿ.

ಚಾಲಕರ ಕೈಯಲ್ಲಿ ಲೈಸೆನ್ಸ್, ಗಾಡಿಯ ನೋಂದಣಿ, ವಿಮೆ. ದೊಡ್ಡವರೆಲ್ಲರ ಹತ್ತಿರ ಫೋಟೊ ಇರುವ ಗುರುತಿನ ಚೀಟಿ. ನಮ್ಮವರಿಗೆ ಅದು ಅಸಲಿ ಪಾಸ್‌ಪೋರ್ಟ್. ಜೆರಾಕ್ಸ್, ಆಧಾರ್ ಎರಡೂ ಬೇಡ. ಬಾಡಿಗೆ ಕಾರಾದರೆ ಕರಾರು ಮತ್ತು ವಿಮೆ ಎರಡನ್ನೂ ಪ್ರಿಂಟ್ ತೆಗೆದಿಡಿ. ಫೋನಿನಲ್ಲಿದೆ ಎಂದು ಹುಡುಕುತ್ತ ಕೂತರೆ ಹಿಂದಿನವರು ಹಾರನ್ ಹೊಡೆಯುತ್ತಾರೆ. ಡ್ರೋನ್, ಬಂದೂಕು ನಿಷಿದ್ಧ.

ಗೇಟಿನಿಂದ ಒಳಗೆ 27 ಕಿ.ಮೀ., ಹೆಚ್ಚೂಕಡಿಮೆ ಹರಿಹರಕ್ಕೆ ಹೋಗಿ ಬಂದಷ್ಟು. ಈ ದಾರಿಯಲ್ಲಿ ಗಾಡಿ ನಿಲ್ಲಿಸಬಾರದು, ಫೋಟೊ ತೆಗೆಯಬಾರದು. ಕ್ಯಾಮೆರಾ ಸ್ಫೋಟದ ಸ್ಥಳದಲ್ಲಿ ಮತ್ತು ಮೆಕ್‌ಡೊನಾಲ್ಡ್ ಎಂಬ ಪಶುಪಾಲಕರ ಹಳೆಯ ಮನೆಯಲ್ಲಿ ಮಾತ್ರ.

ಎಲ್ಲರೂ ಮೊದಲು ಸ್ಮಾರಕಕ್ಕೆ ಓಡುತ್ತಾರೆ. ನೀವು ಬಸ್ಸು ಹತ್ತಿ 3 ಕಿ.ಮೀ. ದೂರದ ಆ ಮನೆಗೆ ಹೋಗಿ, ಆಮೇಲೆ ಬಸ್ಸಿಗೂ ಸಾಲು. ಬಾಂಬಿನ ಪ್ಲುಟೋನಿಯಂ ತಿರುಳನ್ನು ಜೋಡಿಸಿದ್ದು ಅಲ್ಲಿನ ಮಲಗುವ ಕೋಣೆಯಲ್ಲಿ. ಧೂಳು ಬರದಂತೆ ಕಿಟಕಿಗಳಿಗೆ ಪ್ಲಾಸ್ಟಿಕ್ ಬಡಿದಿದ್ದರು. 'ಬೇರೆ ಬಾಗಿಲು ಬಳಸಿ, ಈ ಕೋಣೆ ಸ್ವಚ್ಛವಾಗಿಡಿ' ಎಂಬ ಇಂಗ್ಲಿಷ್ ಬರಹವನ್ನು ಹುಡುಕಿ ನೋಡಿ, ಹತ್ತರಲ್ಲಿ ಒಂಬತ್ತು ಮಂದಿ ಗಮನಿಸುವುದೇ ಇಲ್ಲ.

ಪಾರ್ಕಿಂಗ್ ಬಳಿಯ ದಪ್ಪ ಉಕ್ಕಿನ ಕೊಳವೆ 'ಜಂಬೊ'. ಬಾಂಬ್ ಸರಿಯಾಗಿ ಸಿಡಿಯದಿದ್ದರೆ ಪ್ಲುಟೋನಿಯಂ ಚೆಲ್ಲಾಪಿಲ್ಲಿ ಆಗದಿರಲೆಂದು ಮಾಡಿಸಿದ 214 ಟನ್ನಿನ ಪಾತ್ರೆ. ಕೊನೆಗೆ ಬಳಸಲೇ ಇಲ್ಲ. ಅಲ್ಲಿಂದ 400 ಮೀಟರ್ ನಡೆದರೆ ಲಾವಾ ಕಲ್ಲಿನ ಸ್ಮಾರಕ. ದೊಡ್ಡ ಹೊಂಡ ಇರುತ್ತದೆ ಎಂದು ಹೋದವರಿಗೆ ನಿರಾಸೆ. ಬಾಂಬ್ ಇದ್ದದ್ದು 100 ಅಡಿ ಗೋಪುರದ ಮೇಲೆ, ಕೆಳಗಿನ ತಗ್ಗನ್ನೂ ಆಮೇಲೆ ತುಂಬಿದ್ದಾರೆ. ಗೋಪುರದ ಕಾಲಿನ ಕಾಂಕ್ರೀಟ್ ತುಂಡೊಂದು ನೆಲದಲ್ಲಿ ಉಳಿದಿದೆ. ಸ್ಮಾರಕದ ಮುಂದೆ ಸೆಲ್ಫಿಗೆ ಅರ್ಧ ಗಂಟೆ ನಿಲ್ಲುವುದಕ್ಕಿಂತ ಅದನ್ನು ನೋಡಿ.

ವಿಕಿರಣ? ಸ್ಮಾರಕದ ಸುತ್ತಲಿನ ಬೇಲಿಯೊಳಗೆ ಒಂದು ಗಂಟೆ ಇದ್ದರೆ ಮೈಗೆ ತಗಲುವುದು ಅರ್ಧದಿಂದ ಒಂದು ಮಿಲಿರೆಮ್ (ವಿಕಿರಣದ ಅಳತೆ). ಬೆಂಗಳೂರಿನಿಂದ ಅಮೆರಿಕಕ್ಕೆ ವಿಮಾನದಲ್ಲಿ ಹೋದರೇ ಅದರ ಹಲವು ಪಟ್ಟು ಬೀಳುತ್ತದೆ. ವಿಕಿರಣ ಅಳೆಯಲೆಂದು ಆನ್‌ಲೈನಿನ ಅಗ್ಗದ ಗೈಗರ್ ಮೀಟರ್ ಕೊಳ್ಳಬೇಡಿ, ಅದು ಕೀಂಯ್ ಎಂದರೆ ಗಾಬರಿ ಬಿಟ್ಟು ಬೇರೇನೂ ಸಿಗದು. ಗರ್ಭಿಣಿಯರು, ಚಿಕ್ಕ ಮಕ್ಕಳು ಬೇಲಿಯ ಹೊರಗಿದ್ದರೆ ಒಳ್ಳೆಯದು. ಮಂಡಕ್ಕಿ ಡಬ್ಬಿ ಕಾರಿನಲ್ಲೇ ಇರಲಿ. ಧೂಳು ಮೈಮೇಲೆ ಬೀಳುವುದಕ್ಕಿಂತ ಹೊಟ್ಟೆಗೆ ಹೋಗುವುದು ಕೆಟ್ಟದ್ದು. ಮರಳು ಕರಗಿ ಆದ ಹಸಿರು ಗಾಜು, ಟ್ರಿನಿಟೈಟ್, ನೆಲದಲ್ಲಿ ಕಂಡರೂ ಹೆಕ್ಕಬೇಡಿ, ಅದು ಕಳ್ಳತನ. ಆನ್‌ಲೈನಿನಲ್ಲಿ ಆ ಹೆಸರಿನಲ್ಲಿ ಮಾರುವುದರಲ್ಲಿ ನಕಲಿಯೂ ಇದೆ.

380ನೇ ರಸ್ತೆಯ ತಿರುವಿನಲ್ಲಿ ಫಲಕ ಹಿಡಿದು ನಿಂತವರು ಕಂಡರೆ ಅವರ ಕರಪತ್ರ ಪಡೆದು ಸಾಲಿನಲ್ಲಿ ಓದಿ. ಅಂದಿನ ಸ್ಫೋಟದ ಬೂದಿ ಬಿದ್ದ ಊರುಗಳ ಕುಟುಂಬದವರು ಅವರು. ವಿಕಿರಣಕ್ಕೆ ತುತ್ತಾದವರಿಗೆ ಅಮೆರಿಕ ಸರ್ಕಾರ ಕೊಡುವ ಪರಿಹಾರದ ಕಾಯ್ದೆಗೆ ಇವರನ್ನು ಸೇರಿಸಿದ್ದು 2025ರಲ್ಲಿ.

ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನಕ್ಕೆ ಟೋಪಿ. ಹವಾಯಿ ಚಪ್ಪಲಿ ಬೇಡ, ಶೂ ಹಾಕಿ. ಚಳ್ಳಕೆರೆ ಹೊಲದಲ್ಲಿ ಚುಚ್ಚುವ ಅದೇ ನೆಗ್ಗಿಲು ಮುಳ್ಳು ನ್ಯೂ ಮೆಕ್ಸಿಕೊದಲ್ಲೂ ಇದೆ. ಕಾರು ಹತ್ತುವ ಮುನ್ನ ಅಟ್ಟೆ ನೋಡಿಕೊಂಡು, ಧೂಳು ಕೊಡವಿ ಕೂರಿ.