ಹಳೆ ಮನೆಗೆ ಜನ ಬಂದಾಗ: ಋತುವಿಗೆ ತಕ್ಕಂತೆ ಮನೆ ತೋರಿಸುವುದು ಹೇಗೆ?

ತುಳುನಾಡಿನ ಗುತ್ತಿನ ಮನೆಯನ್ನೋ (ಊರ ಮುಖ್ಯಸ್ಥರ ಹಳೆ ಮನೆ) ನಡು ಅಂಗಳವಿರುವ ಚೌಕಿ ಮನೆಯನ್ನೋ ದುರಸ್ತಿ ಮಾಡಿ ಜನರಿಗೆ ತೆರೆಯುವವರು ಹಂಚು, ಮರ, ಬಣ್ಣಕ್ಕೆ ಲಕ್ಷಗಟ್ಟಲೆ ಸುರಿಯುತ್ತಾರೆ. ಬಂದವರನ್ನು ಒಳಗೆ ಹೇಗೆ ನಡೆಸಬೇಕೆಂದು ಮಾತ್ರ ಯೋಚಿಸಿರುವುದಿಲ್ಲ. ಮೊದಲ ಭಾನುವಾರವೇ ನಲವತ್ತು ಮಂದಿ ಒಮ್ಮೆಲೇ ಚಾವಡಿಗೆ ನುಗ್ಗುತ್ತಾರೆ. ಹಿಂದಿದ್ದವರಿಗೆ ಏನೂ ಕೇಳಿಸದು, ಮಕ್ಕಳು ಉಯ್ಯಾಲೆ ಹತ್ತುತ್ತಾರೆ, ಯಾರದೋ ಹಣೆ ಬಾಗಿಲ ದಾರಂದಕ್ಕೆ (ಚೌಕಟ್ಟಿಗೆ) ಬಡಿಯುತ್ತದೆ.

ಮನೆ ತೆರೆಯುವ ಮೊದಲು ಎರಡು ಕಡೆ ಹೋಗಿ ಬನ್ನಿ. ಮಂಗಳೂರಿನ ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತು ಸಂಗ್ರಹಾಲಯ ಕರ್ನಲ್ ಮಿರಜ್‌ಕರ್ ದಾನ ಕೊಟ್ಟ ಮನೆ. ಅಲ್ಲಿ ಮನೆಯೊಳಗೆ ವಸ್ತುಗಳನ್ನು ಇಟ್ಟಿದ್ದಾರೆ. ವಿಜಯನಾಥ ಶೆಣೈಯವರು ಮಣಿಪಾಲದಲ್ಲಿ ಕಟ್ಟಿದ, ಹಳೆ ಮನೆಗಳ ಸಂಗ್ರಹವಾದ ಹಸ್ತಶಿಲ್ಪದಲ್ಲಿ ಮನೆಗಳೇ ವಸ್ತು. ನಿಮ್ಮದು ಯಾವ ಬಗೆ ಎಂದು ಮೊದಲೇ ತೀರ್ಮಾನಿಸಿ. ಮನೆಯೇ ವಸ್ತುವಾದರೆ ಗಾಜಿನ ಕಪಾಟು ತರಬೇಡಿ.

ಮೊದಲು ಕ್ಯಾಲೆಂಡರ್

ವರ್ಷಕ್ಕೆ ನಾಲ್ಕು ವಿಶೇಷ ಕಾರ್ಯಕ್ರಮ ಸಾಕು: ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ ಆಟಿ ಎಂಬ ತುಳು ತಿಂಗಳು, ಆಮೇಲೆ ಹೊಸ ಭತ್ತದ ತೆನೆ ತಂದು ಮನೆಗೆ ಕಟ್ಟುವುದು, ದೀಪಾವಳಿಯ ಬಲೀಂದ್ರ ಪೂಜೆ, ಏಪ್ರಿಲ್ ಮಧ್ಯದಲ್ಲಿ ತುಳುವರ ಹೊಸ ವರ್ಷದ ಬಿಸು ಕಣಿ. ಉಳಿದ ದಿನ ಸಾಮಾನ್ಯ ಭೇಟಿ. ಕುಟುಂಬದ ದೈವಗಳಿಗೆ ನಡೆಸುವ ತಂಬಿಲ, ನೇಮದ ದಿನಗಳಲ್ಲಿ ಭೇಟಿ ಬೇಡ. ಮನೆಯಲ್ಲಿ ಜನನ-ಮರಣದ ಅಮೆ-ಸೂತಕ ಬಂದರೆ ಭೇಟಿ ರದ್ದು ಎಂಬುದನ್ನು ಬುಕಿಂಗ್ ಮಾಡುವಾಗಲೇ ಹೇಳಿಬಿಡಿ. ದೈವದ ಕೋಣೆಯ ಬಾಗಿಲು ಮುಚ್ಚಿಯೇ ಇರಲಿ. ಹೊರಗೆ ನಿಂತು ವಿವರಿಸಿದರೆ ಸಾಕು. ಫೋಟೊ ಬೇಡವೇ ಬೇಡ.

ಒದ್ದೆ ಕಾಲು

ನಮ್ಮಲ್ಲಿ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಹಾಗೆಂದು ಮಳೆಗಾಲದಲ್ಲಿ ಬಾಗಿಲು ಹಾಕಬೇಡಿ. ಚೌಕಿ ಮನೆಯನ್ನು ನೋಡಬೇಕಾದ್ದು ಆಗಲೇ. ನಾಲ್ಕೂ ಇಳಿಮಾಡಿನ ನೀರು ನಡು ಅಂಗಳಕ್ಕೆ ಬಿದ್ದು, ಮೂಲೆಯ ತೂಬಿನಿಂದ ಹೊರಗೆ ಹೋಗುವುದನ್ನು ಹತ್ತು ನಿಮಿಷ ಸುಮ್ಮನೆ ನಿಂತು ನೋಡಲು ಬಿಡಿ. ತೂಬನ್ನು ಮಾತ್ರ ಆ ದಿನ ಬೆಳಿಗ್ಗೆ ಕೈ ಹಾಕಿ ಸ್ವಚ್ಛ ಮಾಡಿರಬೇಕು.

ಕಾವಿ ನೆಲದ ಮೇಲೆ ಒದ್ದೆ ಕಾಲು ಜಾರುತ್ತದೆ. ಜಗಲಿಯ ಹೊರಗೆ ಕಾಲು ತೊಳೆಯಲು ನೀರು, ಮೆಟ್ಟಿಲ ಮೇಲೆ ತೆಂಗಿನ ನಾರಿನ ಮ್ಯಾಟ್, ಅದನ್ನು ದಾಟಿದ ಮೇಲೆ ಹಳೆಯ ಹತ್ತಿ ಬೆಡ್‌ಶೀಟ್, ಇದೇ ಕ್ರಮ. ತಂಡಕ್ಕೊಂದು ಶೀಟ್ ಬದಲಿಸಿ. ರಬ್ಬರ್ ಮ್ಯಾಟ್ ಹಾಕಬೇಡಿ, ಅಡಿಯಲ್ಲಿ ನೀರು ನಿಂತು ನೆಲಕ್ಕೆ ಬಿಳಿ ಕಲೆ ಕಟ್ಟುತ್ತದೆ. ಆ ಕಲೆ ತೆಗೆಯಲು ಆಸಿಡ್ ಸುರಿದವರ ಮನೆಯ ನೆಲ ಮತ್ತೆ ಹೊಳೆದದ್ದಿಲ್ಲ. ಛತ್ರಿಗಳಿಗೆ ಹೊರಗೊಂದು ಹಗ್ಗ, ಚಪ್ಪಲಿಗೆ ಮಾಡಿನಡಿ ಜಾಗ.

ಉಪ್ಪರಿಗೆ ಮೆಟ್ಟಿಲು

ಹೆಚ್ಚಿನವರು ಎಡವುವುದು ಇಲ್ಲೇ. ಹಳೆ ಮನೆಯ ಮೆಟ್ಟಿಲು ಕಡಿದು, ಇಕ್ಕಟ್ಟು, ಒಬ್ಬೊಬ್ಬರೇ ಹೋಗಬೇಕು. ಹನ್ನೆರಡು ಜನರ ತಂಡದಲ್ಲಿ ಹತ್ತಲು ತಲಾ 15 ಸೆಕೆಂಡ್ ಎಂದರೆ 3 ನಿಮಿಷ. ಇಳಿಯಲು ತಲಾ 25 ಸೆಕೆಂಡ್, ಅಂದರೆ 5 ನಿಮಿಷ. ಮೆಟ್ಟಿಲಲ್ಲೇ 8 ನಿಮಿಷ ಹೋಯಿತು. ಉಪ್ಪರಿಗೆಗೆ ಒಟ್ಟು 10 ನಿಮಿಷ ಎಂದು ಲೆಕ್ಕ ಹಾಕಿದವರ ಎರಡನೇ ತಂಡ ಕೆಳಗೆ ಬಂದು ನಿಂತಿರುತ್ತದೆ, ಮೂರನೆಯದು ಗೇಟಿನಲ್ಲಿ. ಉಪ್ಪರಿಗೆಗೆ 20 ನಿಮಿಷ, ಇಡೀ ಮನೆಗೆ ಒಂದು ಗಂಟೆ ಇಡಿ. ಒಂದು ತಂಡ ಹೊರಗೆ ಹೋಗದೆ ಇನ್ನೊಂದು ಒಳಗೆ ಬರಬಾರದು.

ಹತ್ತುವಾಗ ಮನೆ ತೋರಿಸುವವರು ಮೊದಲು, ಇಳಿಯುವಾಗ ಕೊನೆಗೆ. ಕೆಳಗೊಬ್ಬರು ಸಹಾಯಕ್ಕೆ ಬೇಕೇ ಬೇಕು. ಇಳಿಯುವವರು ಏಣಿ ಇಳಿಯುವಂತೆ ಮೆಟ್ಟಿಲಿಗೆ ಮುಖ ಮಾಡಿ ಇಳಿಯಲಿ, ಕೈಯಲ್ಲಿ ಮೊಬೈಲ್ ಇರಬಾರದು. ಹಿಡಿಯಲು ಇಳಿಬಿಟ್ಟ ಹಗ್ಗ ನೈಲಾನಿನದಾದರೆ ಬದಲಿಸಿ, ಒದ್ದೆ ಕೈಯಲ್ಲಿ ಅದು ಜಾರುತ್ತದೆ. ಹೆಬ್ಬೆರಳ ದಪ್ಪದ ನೂಲಿನ ಹಗ್ಗವೇ ಒಳ್ಳೆಯದು. ಮೆಟ್ಟಿಲ ಅಂಚಿಗೆ ಹಳದಿ-ಕಪ್ಪು ಟೇಪ್ ಅಂಟಿಸಬೇಡಿ, ತೆಗೆಯುವಾಗ ಮರದ ಮೇಲ್ಮೈಯೂ ಕಿತ್ತು ಬರುತ್ತದೆ. ಬದಿಯಿಂದ ಒಂದು ಬಲ್ಬ್ ಉರಿಸಿದರೆ ಪ್ರತಿ ಮೆಟ್ಟಿಲ ನೆರಳು ಬಿದ್ದು ಅಂಚು ತಾನೇ ಕಾಣುತ್ತದೆ.

ತಗ್ಗು ಬಾಗಿಲಿಗೂ ಬೋರ್ಡ್ ಬೇಡ, ಅದನ್ನು ಯಾರೂ ಓದುವುದಿಲ್ಲ. ಮಾವಿನ ತೋರಣವನ್ನು ದಾರಂದಕ್ಕಿಂತ ನಾಲ್ಕು ಬೆರಳು ಕೆಳಗೆ ಇಳಿಬಿಡಿ. ಮರ ತಾಗುವ ಮೊದಲು ಎಲೆ ಹಣೆಗೆ ತಾಗುತ್ತದೆ, ತಲೆ ತಾನಾಗಿ ಬಾಗುತ್ತದೆ. ಎಲೆ ಒಣಗುವ ಮುನ್ನ ಬದಲಿಸುತ್ತಿರಿ.

ಇಷ್ಟೆಲ್ಲ ಮಾಡುವ ಮೊದಲು ಉಪ್ಪರಿಗೆಯ ತೊಲೆಗಳನ್ನು ನೋಡಿ. ಗೆದ್ದಲು ಒಳಗಿನಿಂದ ತಿನ್ನುತ್ತದೆ, ಹೊರಗೆ ಬಣ್ಣ ಹಾಗೇ ಇರುತ್ತದೆ. ಸುತ್ತಿಗೆಯ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಮರ ಟಣ್ ಎನ್ನುತ್ತದೆ, ಟೊಳ್ಳು ಬೊದ್ದೆಂದು ಸದ್ದು ಮಾಡುತ್ತದೆ. ಗೋಡೆಯೊಳಗೆ ಹೋಗುವ ತುದಿಯನ್ನು ಬಿಡಬೇಡಿ, ತೇವ ಹಿಡಿಯುವುದು ಅಲ್ಲೇ. ಸಂಶಯ ಬಂದರೆ ಎಂಜಿನಿಯರ್ ನೋಡುವ ತನಕ ಉಪ್ಪರಿಗೆ ಬಂದ್. ಹತ್ತಲಾಗದ ಹಿರಿಯರಿಗೆ ಚಾವಡಿಯಲ್ಲಿ ಬೆಂಚು, ಉಪ್ಪರಿಗೆಯ ಫೋಟೊಗಳ ಒಂದು ಆಲ್ಬಮ್ ಇಡಿ.

ಏನು ಹೇಳಬೇಕು

ಕೋಣೆಗೆ ಎರಡೇ ವಸ್ತು ಆರಿಸಿ. ಅಕ್ಕಿ ಮುಡಿ (ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಇದ್ದರೆ ಪಕ್ಕದಲ್ಲಿ ಕಳಸೆ, ಸೇರು ಇಟ್ಟು, 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ ಎಂದು ಅಳೆದೇ ತೋರಿಸಿ. ಹಂಚಿನ ವಿಚಾರದಲ್ಲಿ ಜಾಗ್ರತೆ. ಮಂಗಳೂರಿನ ಬಾಸೆಲ್ ಮಿಷನ್ ಕಾರ್ಖಾನೆಯ ಹಂಚಿನ ಬೆನ್ನಲ್ಲಿ 1865 ಎಂದು ಅಚ್ಚಿರುತ್ತದೆ. ಅದು ಕಾರ್ಖಾನೆ ಶುರುವಾದ ವರ್ಷ. ಆ ಹಂಚು ಸುಟ್ಟ ವರ್ಷವೂ ಅಲ್ಲ, ನಿಮ್ಮ ಮನೆ ಕಟ್ಟಿದ ವರ್ಷವಂತೂ ಅಲ್ಲ. ಅದನ್ನು ನೋಡಿ ಮನೆಯ ವಯಸ್ಸು ಹೇಳುವ ತಪ್ಪನ್ನು ಬಹಳ ಮಂದಿ ಮಾಡುತ್ತಾರೆ.

ಆಟಿಯ ಊಟ

ಕೆಸುವಿನ ಎಲೆಯ ಪತ್ರೊಡೆ ಮಾಡುವುದಾದರೆ ಹೊರಗಿನ ಕೊಟ್ಟಿಗೆಯಲ್ಲಿ. ಹಳೆ ಅಡುಗೆಮನೆಯಲ್ಲಿ ಬೆಂಕಿ ಹಾಕಬೇಡಿ, ಮೇಲೆ ಒಣ ಮರದ ಮುಚ್ಚಿಗೆ ಇದೆ. ಕೆಸುವಿನ ಎಲೆಗೆ ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಅತಿಥಿಗಳಿಗೆ ಬಡಿಸುವ ಮೊದಲು ಒಂದು ತುಂಡು ತಿಂದು ನೋಡಿ. ಆಟಿ ಅಮಾವಾಸ್ಯೆಯಂದು ಕುಡಿಯುವ ಹಾಲೆ ಮರದ ತೊಗಟೆಯ ಕಷಾಯವನ್ನು ಸಾರ್ವಜನಿಕ ಕಾರ್ಯಕ್ರಮದಲ್ಲಿ ಕುಡಿಸಲೇಬಾರದು. ಬೆಳಗಿನ ಕತ್ತಲಲ್ಲಿ ಮರ ಗುರುತಿಸಲು ತಪ್ಪಿ ಕಾಸರ್ಕ ಎಂಬ ಬೇರೆ ಮರದ ತೊಗಟೆ ಬಂದರೆ ಅದು ವಿಷ. ತೊಗಟೆ ತೋರಿಸಿ, ಕಲ್ಲಿನಿಂದ ಜಜ್ಜಿ ತೆಗೆಯುವ ಕ್ರಮ ವಿವರಿಸಿ, ಬಟ್ಟಲಲ್ಲಿ ಮೆಂತೆ ಗಂಜಿ ಕೊಡಿ.

ಜನ ಹೋದ ಮೇಲೆ

ಹನ್ನೆರಡು ಜನರ ಉಸಿರು, ಒದ್ದೆ ಬಟ್ಟೆಯ ತೇವ ಕೋಣೆಯಲ್ಲೇ ಉಳಿಯುತ್ತದೆ. ಗೋಡೆಗೊಂದು ತೇವಾಂಶ ಮಾಪಕ ತೂಗು ಹಾಕಿ. ಅದು 70 ಶೇಕಡಾ ದಾಟಿ ಅಲ್ಲೇ ನಿಂತರೆ ಹಳೆ ಫೋಟೊ, ತಾಳೆಗರಿಗೆ ಬೂಸ್ಟು ಬರುತ್ತದೆ. ಮಳೆ ಬಿಟ್ಟಾಗ ಎದುರು ಬದುರು ಕಿಟಕಿ ತೆರೆದು ಟೇಬಲ್ ಫ್ಯಾನ್ ಓಡಿಸಿ, ಗಾಳಿಯನ್ನು ಚಿತ್ರಗಳ ಮೇಲೆ ನೇರ ಬಿಡಬೇಡಿ. ಫೋಟೊಗಳ ಹಿಂದೆ ಬಾಟಲಿ ಬಿರಡೆಯ ತುಂಡು ಅಂಟಿಸಿದರೆ ಫ್ರೇಮು ಗೋಡೆಯಿಂದ ಒಂದು ಬೆರಳು ದೂರ ನಿಲ್ಲುತ್ತದೆ. ನುಸಿಗುಳಿಗೆ, ರೂಮ್ ಫ್ರೆಶ್‌ನರ್ ಎರಡೂ ಬೇಡ. ಅವು ಬೂಸ್ಟಿನ ವಾಸನೆ ಮುಚ್ಚುತ್ತವೆ, ಬೂಸ್ಟು ಬೆಳೆಯುತ್ತಲೇ ಇರುತ್ತದೆ.