ಸ್ಪೀಕರ್ ಸದ್ದು ಕೆಟ್ಟಿತೇ? ಮೊದಲು ಪಿನ್ ನೋಡಿ

ಮುಂಬೈಯಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಕಂಪ್ಯೂಟರ್ ಸ್ಪೀಕರ್‌ಗಳಿಗೂ ಶೀತ ಹಿಡಿದಿರುತ್ತದೆ. ಒಂದು ಡಬ್ಬದಲ್ಲಿ ಸದ್ದು, ಇನ್ನೊಂದರಲ್ಲಿ ಬರೀ ಕರಕರ. ಇಲ್ಲವೇ ಹಾಡು ಹಾಕಿದರೆ ವಾದ್ಯ ಕೇಳುತ್ತದೆ, ಹಾಡುವವರೇ ನಾಪತ್ತೆ. ಅಂಗಡಿಗೆ ಒಯ್ದರೆ 'ಹೊಸದು ತಗೊಳ್ಳಿ' ಎನ್ನುತ್ತಾರೆ. ಅವಸರ ಬೇಡ. ಇಂಥ ದೂರುಗಳಲ್ಲಿ ಹೆಚ್ಚಿನವು ಮನೆಯಲ್ಲೇ ಸರಿಹೋಗುತ್ತವೆ.

ಮೊದಲ ಕೆಲಸ, ತಪ್ಪು ಯಾರದ್ದು ಅಂತ ತೀರ್ಮಾನ ಮಾಡುವುದು. ಸ್ಪೀಕರ್‌ನ ಪಿನ್ ಕಿತ್ತು ಮೊಬೈಲ್‌ಗೆ ಚುಚ್ಚಿ. ಮೊಬೈಲ್‌ಗೆ ಇಯರ್‌ಫೋನ್ ತೂತಿಲ್ಲವಾದರೆ ಹಳೆ ಫೋನೋ ಪಕ್ಕದ ಮನೆಯ ಲ್ಯಾಪ್‌ಟಾಪೋ ಆದೀತು. ಅಲ್ಲಿ ಹಾಡು ಚೆನ್ನಾಗಿ ಬಂದರೆ ಕಂಪ್ಯೂಟರ್ ಕಡೆ ನೋಡಿ. ಅಲ್ಲೂ ಅದೇ ಗೋಳಾದರೆ ಸ್ಪೀಕರ್ ಅಥವಾ ವೈರ್. ಇಷ್ಟು ನೋಡದೆ ಸೆಟ್ಟಿಂಗ್ಸ್ ಕೆದಕಲು ಕೂತರೆ ಸುಮ್ನೆ ಅರ್ಧ ದಿನ ಹಾಳು.

ಈಗ ಆ ಪಿನ್ನನ್ನು ಬೆಳಕಿಗೆ ಹಿಡಿಯಿರಿ. 3.5 ಮಿಲಿಮೀಟರ್ ಪಿನ್ನಿನ ಮೇಲೆ ಎರಡು ಕಪ್ಪು ಗೆರೆಗಳಿರುತ್ತವೆ. ಅವು ಲೋಹವನ್ನು ಮೂರು ಭಾಗ ಮಾಡುತ್ತವೆ. ತುದಿಯದ್ದು ಎಡಗಡೆಯ ಸದ್ದು, ನಡುವಿನದ್ದು ಬಲಗಡೆಯದ್ದು, ಬುಡದ್ದು ಎರಡಕ್ಕೂ ಸೇರಿದ ಗ್ರೌಂಡ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ. ಇದು ಗೊತ್ತಿದ್ದರೆ ಅರ್ಧ ರೋಗ ಪತ್ತೆಯಾದಂತೆ. ಒಂದೇ ಕಡೆ ಸದ್ದು ಬಂದರೆ ತುದಿಯೋ ನಡುವೋ ಸರಿಯಾಗಿ ತಾಗುತ್ತಿಲ್ಲ. ಹಾಡುವವರ ದನಿ ಮಾತ್ರ ಮಾಯವಾದರೆ ಗ್ರೌಂಡ್ ಬಿಟ್ಟಿದೆ. ಗಾಯಕರ ದನಿಯನ್ನು ಎರಡೂ ಕಡೆ ಸಮನಾಗಿ ಸೇರಿಸಿರುತ್ತಾರೆ. ಗ್ರೌಂಡ್ ತಪ್ಪಿದಾಗ ಎರಡೂ ಕಡೆ ಒಂದೇ ಥರ ಇರುವುದು ಅಳಿಸಿಹೋಗಿ, ಬೇರೆಬೇರೆ ಇರುವ ವಾದ್ಯಗಳಷ್ಟೇ ಉಳಿಯುತ್ತವೆ.

ಪಿನ್ ಪೂರ್ತಿ ಒಳಗೆ ಕೂರುವವರೆಗೆ ಒತ್ತಿ. ದಪ್ಪ ಕವರ್ ಹಾಕಿದ ಫೋನಿನಲ್ಲಿ ಪರೀಕ್ಷೆ ಮಾಡುವುದಾದರೆ ಕವರ್ ತೆಗೆದುಬಿಡಿ, ಅದೇ ಪಿನ್ನನ್ನು ತಡೆಯುತ್ತದೆ. ಲೋಹ ಮಂಕಾಗಿದ್ದರೆ, ಹಸಿರು ಕಟ್ಟಿದ್ದರೆ ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಒರೆಸಿ, ಒಣಗಲು ಬಿಡಿ. ಆಮೇಲೆ ಹಾಡು ಹಾಕಿಟ್ಟು, ಪಿನ್ನಿನ ಬುಡದಲ್ಲಿ ವೈರ್ ಮೆಲ್ಲಗೆ ಬಾಗಿಸಿ. ಸದ್ದು ಬಂದು ಹೋಗಿ ಮಾಡಿದರೆ ವೈರ್ ಒಳಗೆ ತುಂಡಾಗಿದೆ. ಹೊಸ ಪಿನ್ ಬೆಸುಗೆ ಹಾಕಿಸಿದರೆ ಸಾಕು.

ಇನ್ನೊಂದು ಮಾತು. ಯೂಟ್ಯೂಬ್‌ನಲ್ಲಿರುವ ಕೆಲವು ಹಳೆ ಯಕ್ಷಗಾನಗಳಲ್ಲಿ ಸದ್ದು ಒಂದೇ ಕಡೆ ಇರುತ್ತದೆ, ಏರಿಸಿದವರು ಹಾಗೇ ಏರಿಸಿರುತ್ತಾರೆ. ಅದನ್ನು ಹಾಕಿ ಸ್ಪೀಕರ್‌ಗೆ ಬೈಯಬೇಡಿ. ಬೇರೆ ಹಾಡು ಹಾಕಿ ನೋಡಿ.

ಕಂಪ್ಯೂಟರ್ ಕಡೆ ನೋಡುವುದು ಸ್ವಲ್ಪವೇ. ಡೆಸ್ಕ್‌ಟಾಪ್ ಆದರೆ ಪಿನ್ ಹಿಂಬದಿಯ ಹಸಿರು ತೂತಿಗೆ ಹೋಗಬೇಕು. ಗುಲಾಬಿ ಮೈಕ್‌ಗೆ, ನೀಲಿ ಹೊರಗಿನ ಸದ್ದು ಒಳಗೆ ತರಲು. ಮುಂದಿನ ತೂತಲ್ಲಿ ಬಾರದ ಸದ್ದು ಹಿಂದಿನದರಲ್ಲಿ ಬಂದರೆ, ಮುಂದಿನದರ ವೈರ್ ಒಳಗೆ ಕಳಚಿರಬಹುದು. ಎಚ್‌ಡಿಎಂಐ ವೈರ್‌ನಲ್ಲಿ ಮಾನಿಟರ್ ಜೋಡಿಸಿದ್ದೀರಾ? ಹಾಗಾದರೆ ಕಂಪ್ಯೂಟರ್ ಸದ್ದನ್ನೆಲ್ಲ ಅದಕ್ಕೇ ಕಳಿಸುತ್ತಿರಬಹುದು, ಮಾನಿಟರ್‌ಗೆ ಸ್ಪೀಕರೇ ಇಲ್ಲದಿದ್ದರೂ. ವಿಂಡೋಸ್‌ನ ಸೆಟ್ಟಿಂಗ್ಸ್, ಸಿಸ್ಟಂ, ಸೌಂಡ್ ಹೀಗೆ ಹೋಗಿ ಔಟ್‌ಪುಟ್ ಜಾಗದಲ್ಲಿ ನಿಮ್ಮ ಸ್ಪೀಕರ್ ಆರಿಸಿ. ಅಲ್ಲೇ ವಾಲ್ಯೂಮ್ ಮಿಕ್ಸರ್ ಇದೆ, ಬ್ರೌಸರ್‌ನ ಸದ್ದು ಮಾತ್ರ ಸೊನ್ನೆಗೆ ಇಳಿದಿದೆಯೇ ನೋಡಿ. ಯಾವುದೂ ಆಗದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಸೌಂಡ್ ಡಿವೈಸ್ ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಡ್ರೈವರ್ ಅಳಿಸಲೇ ಎಂದು ಕೇಳುವ ಚೌಕಕ್ಕೆ ಗುರುತು ಹಾಕಬೇಡಿ. ರೀಸ್ಟಾರ್ಟ್ ಆದಾಗ ವಿಂಡೋಸ್ ಆ ಸೌಂಡ್ ಡಿವೈಸನ್ನು ತಾನೇ ಮತ್ತೆ ಜೋಡಿಸಿಕೊಳ್ಳುತ್ತದೆ.

ನಿಜವಾದ ತಲೆನೋವು ಗುಂಯ್ ಎನ್ನುವ ಸದ್ದು. ನಮ್ಮ ಮನೆಗೆ ಬರುವ ಕರೆಂಟ್ 50 ಹರ್ಟ್ಸ್‌ನದು, ಅದೇ ಸ್ಪೀಕರ್‌ನಲ್ಲಿ ಹಾಡುತ್ತಿರುತ್ತದೆ. ಪಿನ್ ಕಿತ್ತರೂ ಗುಂಯ್ ನಿಲ್ಲದಿದ್ದರೆ ಸ್ಪೀಕರ್‌ನ ಅಡಾಪ್ಟರ್ ಅಥವಾ ಒಳಗಿನ ಕೆಪಾಸಿಟರ್ ಮೇಲೆ ಅನುಮಾನ. ಕಿತ್ತ ಕೂಡಲೇ ನಿಂತರೆ ಪಿನ್ ಮತ್ತೆ ಹಾಕಿ ಲ್ಯಾಪ್‌ಟಾಪ್‌ನ ಚಾರ್ಜರ್ ಬಿಚ್ಚಿ. ಬ್ಯಾಟರಿಯಲ್ಲಿ ಸದ್ದು ಶುದ್ಧವಾಗಿದ್ದರೆ ಅದು ಗ್ರೌಂಡ್ ಲೂಪ್. ಅಂದರೆ ಚಾರ್ಜರ್‌ನ ಅರ್ತ್ ಒಂದು ದಾರಿ, ಸ್ಪೀಕರ್ ವೈರ್‌ನ ಗ್ರೌಂಡ್ ಇನ್ನೊಂದು ದಾರಿ, ಎರಡೂ ಸೇರಿ ಸುತ್ತು ಹಾಕಿವೆ. ಚಾರ್ಜರ್, ಸ್ಪೀಕರ್ ಎರಡರ ಪ್ಲಗ್ಗನ್ನೂ ಒಂದೇ ಬೋರ್ಡ್‌ಗೆ ಹಾಕಿ ನೋಡಿ. ಹೋಗದಿದ್ದರೆ ಆಡಿಯೋ ವೈರ್ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಚಿಕ್ಕ ಡಬ್ಬಿ ಸಿಗುತ್ತದೆ. ಕೆಲವರು ಪ್ಲಗ್ಗಿನ ದಪ್ಪ ಅರ್ತ್ ಕಾಲನ್ನೇ ಮುರಿದುಬಿಡುತ್ತಾರೆ. ಗುಂಯ್ ನಿಲ್ಲುತ್ತದೆ ನಿಜ, ಅದರ ಜೊತೆ ಜೀವಕ್ಕಿದ್ದ ಕಾವಲೂ ಹೋಗುತ್ತದೆ. ದಯವಿಟ್ಟು ಬೇಡ. ಹಳೆ ಚಾಳ್‌ಗಳಲ್ಲಿ ಬೋರ್ಡಿನ ಅರ್ತ್ ತೂತಿನ ಹಿಂದೆ ವೈರೇ ಇಲ್ಲದಿರುವುದೂ ಉಂಟು. ಕಂಪ್ಯೂಟರ್‌ನ ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅನ್ನಿಸಿದರೆ ಸ್ಪೀಕರ್ ಬದಿಗಿಟ್ಟು ಎಲೆಕ್ಟ್ರಿಷಿಯನ್ ಕರೆಸಿ.

ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಬಂದರೆ ಗುಂಡಿಯೊಳಗೆ ದೂಳು ಕೂತಿದೆ. ಸ್ವಿಚ್ ಆಫ್ ಮಾಡಿ, ಗುಂಡಿಯನ್ನು ಆ ತುದಿಯಿಂದ ಈ ತುದಿಗೆ ಹತ್ತಿಪ್ಪತ್ತು ಸಲ ತಿರುಗಿಸಿ. ಜಾಸ್ತಿ ಹಠ ಮಾಡಿದರೆ ಕಾಂಟ್ಯಾಕ್ಟ್ ಕ್ಲೀನರ್ ಎಂಬ ಸ್ಪ್ರೇ ಬೇಕು, ತೆಂಗಿನೆಣ್ಣೆ ಅಲ್ಲ.

ಬ್ಲೂಟೂತ್ ಸ್ಪೀಕರ್‌ನಲ್ಲಿ ಹಾಡು ಚೆನ್ನಾಗಿದ್ದು ಆಫೀಸ್ ಕಾಲ್ ಶುರುವಾದ ಕೂಡಲೇ ಸದ್ದು ಹಳೆ ಟೆಲಿಫೋನ್ ಥರ ಆಗುತ್ತದೆ, ಅಲ್ವಾ? ಸ್ಪೀಕರ್ ತನ್ನ ಮೈಕ್ ಕೂಡ ಬಳಸಲು ಹೊರಟಿದೆ, ಅದಕ್ಕೆ ಬರೀ ಮಾತುಕತೆಗೆ ಇರುವ ಹ್ಯಾಂಡ್ಸ್‌ಫ್ರೀ ರೀತಿಗೆ ಇಳಿದಿದೆ. ಕಾಲ್‌ನ ಸೆಟ್ಟಿಂಗ್ಸ್‌ನಲ್ಲಿ ಮೈಕ್ ಜಾಗಕ್ಕೆ ಲ್ಯಾಪ್‌ಟಾಪ್‌ನ ಮೈಕ್ ಆರಿಸಿದರೆ ಸದ್ದು ಮೊದಲಿನಂತಾಗುತ್ತದೆ.

ಅಡಾಪ್ಟರ್ ಹೋಗಿದೆ ಅಂತ ಖಾತ್ರಿಯಾದರೆ ಗ್ರ್ಯಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್‌ಗೆ ಹೋಗಿ. ಹಳೆಯದನ್ನು ಒಯ್ಯಿರಿ. ಅದರ ಮೇಲಿನ ವೋಲ್ಟ್ ಹೊಸದರಲ್ಲೂ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಲಿ, ಪಿನ್ನಿನ ಪ್ಲಸ್ ಮೈನಸ್ ಗುರುತೂ ಒಂದೇ ಇರಲಿ. ಸ್ಪೀಕರ್ ಚಿಕ್ಕದಾದರೆ ಅದನ್ನೂ ಚೀಲಕ್ಕೆ ಹಾಕಿಕೊಳ್ಳಿ, ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಹಾಕಿ ನೋಡಬಹುದು. ಭಾನುವಾರ ಮಾತ್ರ ಹೋಗಬೇಡಿ, ಅಲ್ಲಿ ಹೆಚ್ಚಿನ ಅಂಗಡಿಗಳಿಗೆ ರಜೆ.