ನಾನು ಜಾಗ್ವಾರ್ ಮುಖವಾಡ ಕೆತ್ತಿದ್ದು ಹೀಗೆ

ಮೆಕ್ಸಿಕೋದ ಗೆರೆರೊ ರಾಜ್ಯದಲ್ಲಿ ಮುಖವಾಡಕ್ಕೆ ಬಳಸುವ ಮರ ಸೊಂಪಾಂತ್ಲೆ. ಎಲೆ, ಕೆಂಪು ಹೂ ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೂ ನೆಡುವ ಹಾಲುವಾಣದ ಬಳಗವೇ ಅದು. ಊರಲ್ಲಿ ಯಾವ ಆಚಾರಿಯೂ ಈ ಮರಕ್ಕೆ ಉಳಿ ಹಚ್ಚಿದ್ದು ನಾನು ಕಂಡಿಲ್ಲ. ಹಸಿಯಿದ್ದಾಗ ಉಳಿ ಮೂಲಂಗಿಗೆ ಇಳಿದಷ್ಟು ಸಲೀಸಾಗಿ ಇಳಿಯುತ್ತದೆ, ಒಣಗಿದರೆ ಹತ್ತಿಯ ತೂಕ. ಹುಳು ಹಿಡಿಯುವುದೊಂದೇ ತಾಪತ್ರಯ. ಕೃಷ್ಣಪಕ್ಷದಲ್ಲಿ ಕಡಿದರೆ ಹುಳು ಬೀಳುವುದಿಲ್ಲ ಎಂದು ನನಗೆ ಕಲಿಸಿದ ಮೇಷ್ಟ್ರು ನಂಬುತ್ತಾರೆ. ನಮ್ಮಲ್ಲಿ ಬಿದಿರು ಕಡಿಯುವವರೂ ಇದನ್ನೇ ಹೇಳುತ್ತಾರಲ್ಲ, ನಾನು ವಾದಕ್ಕೆ ಹೋಗಲಿಲ್ಲ.

ನನಗೆ ಬೇಕಿದ್ದದ್ದು ‘ಟಿಗ್ರೆ’, ಅಂದರೆ ಜಾಗ್ವಾರ್. ತೆಕುವಾನೆಸ್ ಕುಣಿತದಲ್ಲಿ ಅದು ದನಕರುಗಳನ್ನು ಹಿಡಿದು ತಿನ್ನುತ್ತದೆ. ಬೇಟೆಗಾರರು, ನಾಯಿಗಳು ಬೆನ್ನಟ್ಟುತ್ತಾರೆ. ನಡುನಡುವೆ ಬೇಕಾದಷ್ಟು ಗೇಲಿಮಾತು. ಕೊನೆಗೆ ಜಾಗ್ವಾರ್ ಸಾಯುತ್ತದೆ. ಅಷ್ಟು ಹೊತ್ತೂ ವೇಷ ಹಾಕಿದವನು ಬಿಸಿಲಲ್ಲಿ ಓಡಬೇಕು, ಉರುಳಬೇಕು. ಕೆತ್ತುವಾಗ ತಲೆಯಲ್ಲಿರಬೇಕಾದದ್ದು ಅವನ ಪಾಡು.

ದಿಮ್ಮಿಯನ್ನು ಉದ್ದಕ್ಕೆ ಸೀಳಿ ನಡುವಿನ ತಿರುಳು ತೆಗೆದುಬಿಟ್ಟೆವು. ಅದು ಉಳಿದರೆ ಒಣಗುವಾಗ ಮರ ಬಿರಿಯುತ್ತದೆ. ಮಚ್ಚಿನಲ್ಲಿ ಹಣೆ, ಮೂತಿ, ಗಲ್ಲದ ಉಬ್ಬುಗಳನ್ನು ಒರಟಾಗಿ ಎಬ್ಬಿಸಿದ್ದಾಯಿತು. ಆಮೇಲೆ ಮೇಷ್ಟ್ರು ಅದನ್ನು ಕವುಚಿ ಹಾಕಿ, ಬಾಯಿ ಬಾಗಿದ ಉಳಿಯನ್ನು ಕೈಗೆ ಕೊಟ್ಟರು. ಒಳಗನ್ನು ತೋಡುವುದು ಹೊರಗಿನ ಕೆತ್ತನೆಗಿಂತ ಹೆಚ್ಚು ಹೊತ್ತು ಹಿಡಿಯಿತು. ಭಾರವೆಲ್ಲ ಹಣೆ ಮತ್ತು ಕೆನ್ನೆಮೂಳೆಯ ಮೇಲೆ ಕೂರಬೇಕು, ಮೂಗಿಗೆ ಮರ ತಾಗಲೇಬಾರದು. ಮೂತಿಯ ಟೊಳ್ಳು ಬಾಯಿಯವರೆಗೂ ಸೇರಿಕೊಂಡಿರಬೇಕು, ಇಲ್ಲದಿದ್ದರೆ ಬಿಟ್ಟ ಉಸಿರು ಅಲ್ಲೇ ಸುತ್ತುತ್ತದೆ. ಗೆಣ್ಣಿನಿಂದ ತಟ್ಟುತ್ತಾ ಹೋದರೆ ಎಲ್ಲಿ ಇನ್ನೂ ದಪ್ಪವಿದೆ ಎಂದು ಸದ್ದೇ ಹೇಳುತ್ತದೆ.

ಕಣ್ಣಿನದು ಬೇರೆಯೇ ಲೆಕ್ಕ. ನಾವು ಕೆತ್ತಿದ ಮಾದರಿಯಲ್ಲಿ ಜಾಗ್ವಾರ್ ಕಣ್ಣು ಕನ್ನಡಿಯ ಚೂರು, ಬಿಸಿಲಿಗೆ ಥಳಥಳ ಹೊಳೆಯುತ್ತದೆ. ವೇಷಧಾರಿ ನೋಡುವುದು ಅದರ ಕೆಳಗಿನ ಸಣ್ಣ ಸೀಳಿನಿಂದ. ಆ ಸೀಳನ್ನು ಹೊರಗೆ ಕಿರಿದಾಗಿಟ್ಟು, ಒಳಗಿನಿಂದ ಇಳಿಜಾರಾಗಿ ಅಗಲಿಸುತ್ತಾ ಬರಬೇಕು. ಪರೀಕ್ಷೆ ಸುಲಭ: ಹಾಕಿಕೊಂಡು ನಿಂತವನಿಗೆ ತನ್ನ ಕಾಲ್ಬೆರಳು ಕಾಣಬೇಕು. ಕಾಣುವವರೆಗೂ ಬಿಡಲಿಲ್ಲ ಅವರು.

ಬಣ್ಣದ ಬಗ್ಗೆ ಹೆಚ್ಚೇನಿಲ್ಲ. ಉಪ್ಪುಕಾಗದ ಉಜ್ಜಿ, ಹಳದಿ ಎನಾಮೆಲ್ ಹೊಡೆದು ಕಪ್ಪು ಚುಕ್ಕೆ ಇಟ್ಟೆ. ಒಲಿನಲಾ ಊರಿನವರ ಮೆರುಗೆಣ್ಣೆ ಕೆಲಸ ಇದಕ್ಕಿಂತ ಎಷ್ಟೋ ಮೇಲು. ಚಿಯಾ ಎಣ್ಣೆ, ಕಲ್ಲಿನ ಪುಡಿ ಪದರಪದರವಾಗಿ ಹಚ್ಚಿ ಕಲ್ಲಿನಿಂದಲೇ ಉಜ್ಜುತ್ತಾರೆ. (ಮೈಸೂರಿನ ಸುತ್ತಮುತ್ತ ಈಗ ಬೆಳೆಯುವ ಅದೇ ಚಿಯಾ.) ಹುಬ್ಬಿಗೂ ಮೀಸೆಗೂ ಹಂದಿಯ ಬಿರುಗೂದಲು, ಬಾಯಿಗೆ ಹಂದಿಯ ಕೋರೆ, ನಾಲಿಗೆಗೆ ತೊಗಲು.

ಸಿತ್ಲಾಲಾದಲ್ಲಿ ಮಾತ್ರ ಮರದ ಮುಖವಾಡ ನಡೆಯದು. ಅಲ್ಲಿ ಮೇ 5ರಂದು ಟಿಗ್ರೆಗಳು ಬಿಗಿಯಾಗಿ ಹೊಸೆದ ಹಗ್ಗದಿಂದ ಒಬ್ಬರನ್ನೊಬ್ಬರು ನಿಜಕ್ಕೂ ಬಾರಿಸುತ್ತಾರೆ, ಮಳೆ ಬರಲೆಂದು. ತಲೆಯನ್ನೇ ಮುಚ್ಚುವ ದಪ್ಪ ತೊಗಲಿನ ಮುಖವಾಡವಿದ್ದರಷ್ಟೇ ಆ ಏಟು ತಡೆಯಲು ಸಾಧ್ಯ.

ಕೊಳ್ಳುವವರಿಗೆ ಒಂದು ಮಾತು. 1970ರ ದಶಕದಲ್ಲಿ ಸಂಗ್ರಾಹಕರು ಗೆರೆರೊಗೆ ಮುಗಿಬಿದ್ದಾಗ, ಯಾವ ಕುಣಿತಕ್ಕೂ ಸೇರದ ಮುಖವಾಡಗಳು ‘ಹಳೆಯವು’ ಎಂಬ ಹೆಸರಲ್ಲಿ ಬಿಕರಿಯಾದವು. ಈಗಲೂ ಅಂಥವು ಸಿಗುತ್ತವೆ. ಹೊರಗಿನ ಬಣ್ಣ ಉದುರಿದ್ದನ್ನು ನೋಡಿ ಮರುಳಾಗಬೇಡಿ, ಅದನ್ನು ಯಾರು ಬೇಕಾದರೂ ಉದುರಿಸಬಹುದು. ಒಳಬದಿ ಪೂರ್ತಿ ಒಂದೇ ಸಮ ಕಪ್ಪಾಗಿದ್ದರೆ ಬಳಿದದ್ದು ಎಂದುಕೊಳ್ಳಿ. ಕುಣಿದ ಮುಖವಾಡದಲ್ಲಿ ಬೆವರಿನ ಕಲೆ ಇರುವುದು ಹಣೆ, ಕೆನ್ನೆ, ಗಲ್ಲ ತಾಗುವ ಕಡೆ; ದಾರ ಕಟ್ಟುವ ತೂತಿನ ಅಂಚೂ ಎಳೆದ ದಿಕ್ಕಿಗೇ ಸವೆದಿರುತ್ತದೆ.